ಕೊಲೆಸ್ಟೈರಮೀನ್ ಪುಡಿ: ಕಲಸುವ ಕ್ರಮ, ಕುಡಿಯುವ ಹೊತ್ತು

ಶಿರಸಿಯಲ್ಲಾಗಲಿ ಕುಮಟೆಯಲ್ಲಾಗಲಿ ಕೊಲೆಸ್ಟ್ರಾಲ್ ಚೀಟಿ ಹಿಡಿದು ಔಷಧ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಪಟ್ಟಿಯನ್ನು ಕಿಸೆಗೆ ಹಾಕಿಕೊಂಡು ಹೋಗುತ್ತಾರೆ. ಅಪರೂಪಕ್ಕೆ ಯಾರದೋ ಒಬ್ಬರ ಚೀಟಿಯಲ್ಲಿ ಕೊಲೆಸ್ಟೈರಮೀನ್ ಎಂಬ ಪುಡಿಯ ಹೆಸರಿರುತ್ತದೆ. ಸ್ಟಾಟಿನ್‌ನಿಂದ ಬರುವ ಸ್ನಾಯುನೋವನ್ನು ತಡೆದುಕೊಳ್ಳಲಾಗದವರಿಗೆ, ಬೇರೆ ಮಾತ್ರೆಗಳನ್ನು ಕೊಟ್ಟ ಮೇಲೂ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ಬೇಕಾದಷ್ಟು ಇಳಿಯದವರಿಗೆ, ಬಸುರಿಯಾಗುವ ಯೋಚನೆಯಿಂದ ಸ್ಟಾಟಿನ್ ನಿಲ್ಲಿಸಬೇಕಾದ ಹೆಣ್ಣುಮಕ್ಕಳಿಗೆ ವೈದ್ಯರು ಇದನ್ನು ಬರೆಯುವುದುಂಟು. ಮಾತ್ರೆ ನುಂಗಿ ರೂಢಿಯಾದವರು ಇದನ್ನೂ ಮಾತ್ರೆಯ ಲೆಕ್ಕಕ್ಕೇ ಸೇರಿಸಿ, ಬೆಳಗಿನ ಎಲ್ಲ ಔಷಧಗಳ ಜೊತೆ ಒಂದೇ ಹೊತ್ತಿಗೆ ಕುಡಿದು ಮುಗಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಯೇ. ಈ ಪುಡಿಯ ಮಟ್ಟಿಗೆ ಎಷ್ಟು ಕುಡಿದಿರಿ ಎಂಬುದು ಎಷ್ಟು ಮುಖ್ಯವೋ, ಯಾವುದರಲ್ಲಿ ಕಲಸಿದಿರಿ, ಯಾವ ಹೊತ್ತಿಗೆ ಕುಡಿದಿರಿ, ಅದರ ಹಿಂದೆ ಮುಂದೆ ಇನ್ನೇನು ನುಂಗಿದಿರಿ ಎಂಬುದೂ ಅಷ್ಟೇ ಮುಖ್ಯ.

ಈ ಬರಹವಿರುವುದು ವೈದ್ಯರು ಬರೆದುಕೊಟ್ಟ ಪುಡಿಯನ್ನು ಸರಿಯಾಗಿ ಬಳಸುವುದಕ್ಕಾಗಿ. ಪಕ್ಕದ ಮನೆಯವರಿಗೆ ಗುಣ ಕಂಡಿತೆಂದು ತಾವೂ ತರಿಸಿಕೊಳ್ಳುವುದಕ್ಕಲ್ಲ.

ಪುಡಿ ಮಾಡುವ ಕೆಲಸ

ಪಿತ್ತಜನಕಾಂಗವು ಕೊಲೆಸ್ಟ್ರಾಲನ್ನು ಕಚ್ಚಾವಸ್ತುವಾಗಿ ಬಳಸಿ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಅವು ಪಿತ್ತಕೋಶದಲ್ಲಿ ಸಂಗ್ರಹವಾಗಿದ್ದು, ನಾವು ಉಂಡಾಗ ಸಣ್ಣಕರುಳಿಗೆ ಇಳಿದು, ಊಟದಲ್ಲಿಯ ಜಿಡ್ಡನ್ನು ಕರಗಿಸಿ ಜೀರ್ಣಕ್ಕೆ ಒದಗಿಸುತ್ತವೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಸುಮಾರು ಶೇಕಡಾ 95ರಷ್ಟನ್ನು ಸಣ್ಣಕರುಳಿನ ಕೊನೆಯ ಭಾಗ ಹೀರಿಕೊಂಡು ಮತ್ತೆ ಪಿತ್ತಜನಕಾಂಗಕ್ಕೇ ಕಳುಹಿಸುತ್ತದೆ. ಹೀಗಾಗಿ ಹೊಸದಾಗಿ ಮಾಡಬೇಕಾದ ಪಿತ್ತಾಮ್ಲದ ಪ್ರಮಾಣ ದಿನಕ್ಕೆ ಬಹಳ ಕಡಿಮೆ. ಕೊಲೆಸ್ಟೈರಮೀನ್ ಈ ಸುತ್ತನ್ನು ನಡುವೆಯೇ ಕಡಿಯುತ್ತದೆ. ಅದು ನೀರಿನಲ್ಲಿ ಕರಗದ, ಕರುಳಿನಿಂದ ರಕ್ತಕ್ಕೆ ಹೋಗದ ಒಂದು ರಾಳ. ಕರುಳಿನಲ್ಲಿ ಪಿತ್ತಾಮ್ಲಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಅವುಗಳ ಸಮೇತ ಮಲದ ಮೂಲಕ ಹೊರಗೆ ಹೋಗುತ್ತದೆ.

ಪಿತ್ತಾಮ್ಲ ಮರಳಿ ಬಾರದೆ ಹೋದಾಗ ಪಿತ್ತಜನಕಾಂಗ ಹೊಸದನ್ನು ಮಾಡಲೇಬೇಕು. ಅದಕ್ಕೆ ಬೇಕಾದ ಕೊಲೆಸ್ಟ್ರಾಲಿಗಾಗಿ ಅದು ತನ್ನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಗ್ರಾಹಕಗಳನ್ನು ಹೆಚ್ಚಿಸಿಕೊಂಡು ರಕ್ತದಲ್ಲಿ ತಿರುಗುತ್ತಿರುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಈ ಗ್ರಾಹಕಗಳನ್ನು ಗುರುತಿಸಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ಅಮೆರಿಕದಲ್ಲಿ 3,806 ಗಂಡಸರ ಮೇಲೆ ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ನಡೆದ ಪರೀಕ್ಷೆಯ ಫಲ ಪ್ರಕಟವಾಗಿತ್ತು. ದಿನಕ್ಕೆ 24 ಗ್ರಾಂ ಕೊಲೆಸ್ಟೈರಮೀನ್ ಕೊಟ್ಟವರಲ್ಲಿ ಹೃದಯಾಘಾತ ಮತ್ತು ಹೃದಯರೋಗದ ಸಾವುಗಳು, ಔಷಧವಿಲ್ಲದ ಹುಸಿ ಪುಡಿ ಕೊಟ್ಟವರಿಗಿಂತ ಶೇಕಡಾ 19ರಷ್ಟು ಕಡಿಮೆಯಾದವು. ಕೊಲೆಸ್ಟ್ರಾಲ್ ಇಳಿಸಿದರೆ ಹೃದಯಕ್ಕೆ ಲಾಭವಿದೆಯೇ ಎಂಬ ಚರ್ಚೆ ಆಗಿನ್ನೂ ಮುಗಿದಿರಲಿಲ್ಲ, ಮೊದಲ ಸ್ಟಾಟಿನ್ ಅಲ್ಲಿಯ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಆ ಪರೀಕ್ಷೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪುಡಿಯನ್ನು ಹೇಳಿದಷ್ಟು ಪೂರ್ತಿ ಕುಡಿದವರಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿ ಇಳಿಯಿತು, ಬಿಟ್ಟು ಬಿಟ್ಟು ಕುಡಿದವರಲ್ಲಿ ಇಳಿಕೆಯೂ ಅಷ್ಟಕ್ಕಷ್ಟೇ ಇತ್ತು. ಬೇಸರ ಹುಟ್ಟಿಸುವ ಔಷಧವೆಂಬುದು ಆಗಲೇ ಗೊತ್ತಾಗಿದ್ದ ವಿಷಯ.

ಯಾರಿಗೆ ಇದು ಬೇಡ

ನಮ್ಮ ದೇಶದವರಲ್ಲಿ ಎಲ್‌ಡಿಎಲ್ ಒಂದೇ ಏರುವುದಕ್ಕಿಂತ, ರಕ್ತದ ಇನ್ನೊಂದು ಜಿಡ್ಡಾದ ಟ್ರೈಗ್ಲಿಸರೈಡ್ ಏರಿ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿದಿರುವ ಚಿತ್ರ ಹೆಚ್ಚಾಗಿ ಕಾಣುತ್ತದೆ. ಈ ಪುಡಿ ಎಲ್‌ಡಿಎಲ್ ಇಳಿಸಿದರೂ ಟ್ರೈಗ್ಲಿಸರೈಡನ್ನು ಏರಿಸಬಲ್ಲದು. ಆದ್ದರಿಂದ ಲಿಪಿಡ್ ಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್ ಸಾಲಿನ ಜೊತೆಗೆ ಟ್ರೈಗ್ಲಿಸರೈಡ್ ಸಾಲನ್ನೂ ಓದಿಕೊಳ್ಳಿ. ಅದು ಡೆಸಿಲೀಟರಿಗೆ 400 ಮಿ.ಗ್ರಾಂ. ದಾಟಿದ್ದರೆ ಸಾಮಾನ್ಯವಾಗಿ ಈ ಔಷಧ ಕೊಡುವುದಿಲ್ಲ, 300ರ ಆಸುಪಾಸಿನಲ್ಲಿದ್ದರೂ ವೈದ್ಯರು ಎರಡು ಬಾರಿ ಯೋಚಿಸುತ್ತಾರೆ. ಟ್ರೈಗ್ಲಿಸರೈಡ್ ವಿಪರೀತ ಏರಿದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಒಳಗಾಗುವ ಅಪಾಯವಿದೆ. ಹಳೆಯ ವರದಿಯನ್ನೇ ನಂಬಿ ಶುರು ಮಾಡುವುದು ಸರಿಯಲ್ಲ. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ಕೊಟ್ಟ ರಕ್ತದ ಹೊಸ ವರದಿ ಕೈಯಲ್ಲಿರಬೇಕು.

ಪಿತ್ತನಾಳ ಪೂರ್ತಿ ಕಟ್ಟಿಕೊಂಡವರಲ್ಲಿ ಕರುಳಿಗೆ ಪಿತ್ತರಸವೇ ಇಳಿಯುವುದಿಲ್ಲವಾದ್ದರಿಂದ ಪುಡಿಗೆ ಹಿಡಿಯಲು ಏನೂ ಇರುವುದಿಲ್ಲ, ಅವರಿಗೆ ಇದು ಕೊಡತಕ್ಕ ಔಷಧವಲ್ಲ. ಹಿಂದೆ ಕರುಳು ಕಟ್ಟಿದ್ದವರು, ಪಾರ್ಶ್ವವಾಯುವಿನ ನಂತರ ನುಂಗಲು ಕಷ್ಟಪಡುವವರು, ತೀವ್ರ ಮಲಬದ್ಧತೆ ಅಥವಾ ಮೂಲವ್ಯಾಧಿ ಇರುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಬಸುರಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ರಕ್ತಕ್ಕೆ ಸೇರದ ಔಷಧವೆಂಬ ಕಾರಣದಿಂದ ಇದನ್ನು ಕೊಡುವ ಪದ್ಧತಿಯಿದೆ, ಆದರೆ ವಿಟಮಿನ್‌ಗಳ ಕೊರತೆಯಾಗದಂತೆ ವೈದ್ಯರು ಕಣ್ಣಿಟ್ಟಿರಬೇಕು.

ಅಂದಹಾಗೆ, ಚೀಟಿಯಲ್ಲಿ ಈ ಪುಡಿ ಇದ್ದ ಮಾತ್ರಕ್ಕೆ ಕೊಲೆಸ್ಟ್ರಾಲಿಗೇ ಕೊಟ್ಟಿದ್ದಾರೆಂದು ತಿಳಿಯಬೇಕಿಲ್ಲ. ಪಿತ್ತರಸದ ಹರಿವು ನಿಧಾನವಾಗಿ ಮೈಯೆಲ್ಲ ತುರಿಸುವವರಿಗೂ, ಪಿತ್ತಕೋಶದ ಅಥವಾ ಸಣ್ಣಕರುಳಿನ ಶಸ್ತ್ರಚಿಕಿತ್ಸೆಯ ನಂತರ ಬಿಡದೆ ಭೇದಿಯಾಗುವವರಿಗೂ ಇದೇ ಪುಡಿ ಉಪಯೋಗಕ್ಕೆ ಬರುತ್ತದೆ. ಕಲಸುವ ರೀತಿ, ಇತರ ಮಾತ್ರೆಗಳಿಂದ ದೂರ ಇಡುವ ನಿಯಮ ಅವರಿಗೂ ಹೀಗೆಯೇ ಅನ್ವಯಿಸುತ್ತದೆ.

ಪೊಟ್ಟಣದ ಲೆಕ್ಕ

ಪೊಟ್ಟಣದ ತೂಕ ಬೇರೆ, ಅದರೊಳಗಿನ ಔಷಧದ ತೂಕ ಬೇರೆ. ಹಳೆಯ ಮಾದರಿಯ 9 ಗ್ರಾಂ ಪೊಟ್ಟಣದಲ್ಲಿ ಕೊಲೆಸ್ಟೈರಮೀನ್ ಇರುವುದು 4 ಗ್ರಾಂ, ಉಳಿದದ್ದು ಸಕ್ಕರೆ, ರುಚಿ ಮತ್ತು ಬಣ್ಣ. ಸಕ್ಕರೆಯ ಬದಲು ಆಸ್ಪರ್ಟೇಮ್ ಹಾಕಿದ ಹಗುರ ಪೊಟ್ಟಣಗಳಲ್ಲಿಯೂ ಔಷಧ 4 ಗ್ರಾಂ ಇರುತ್ತದೆ. ವೈದ್ಯರು ಹೇಳುವ ಗ್ರಾಂ ಲೆಕ್ಕ ಔಷಧದ್ದು. ಸಕ್ಕರೆ ಕಾಯಿಲೆಯವರು ಯಾವ ಮಾದರಿ ಎಂದು ಅಂಗಡಿಯಲ್ಲಿಯೇ ಕೇಳಿ ತೆಗೆದುಕೊಳ್ಳಬೇಕು. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟು ಕಾಯಿಲೆ ಇರುವವರಿಗೆ ಆಸ್ಪರ್ಟೇಮ್ ಇರುವ ಪೊಟ್ಟಣ ಆಗದು. ಡಬ್ಬಿಯಲ್ಲಿ ಬಂದ ಪುಡಿಯನ್ನು ಅದರ ಜೊತೆ ಕೊಟ್ಟ ಅಳತೆಯ ಚಮಚದಿಂದಲೇ ತೆಗೆಯಬೇಕು, ಅಡುಗೆಮನೆಯ ಚಮಚಗಳು ಒಂದರಂತೆ ಇನ್ನೊಂದಿರುವುದಿಲ್ಲ.

ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದು ಅಥವಾ ಎರಡು ಪೊಟ್ಟಣದಿಂದ ಶುರು ಮಾಡಿ, ನಾಲ್ಕು ವಾರಕ್ಕೆ ಕಡಿಮೆಯಿಲ್ಲದ ಅಂತರದಲ್ಲಿ ರಕ್ತಪರೀಕ್ಷೆ ನೋಡಿಕೊಂಡು ಏರಿಸುತ್ತಾರೆ. ಹೆಚ್ಚಿನವರು 8ರಿಂದ 16 ಗ್ರಾಂ ಔಷಧದಲ್ಲಿ ನಿಲ್ಲುತ್ತಾರೆ, ದಿನದ ಮಿತಿ 24 ಗ್ರಾಂ. ಪೂರ್ತಿ ಪ್ರಮಾಣಕ್ಕೆ ಎಲ್‌ಡಿಎಲ್ ಶೇಕಡಾ 18ರಿಂದ 25ರಷ್ಟು ಇಳಿಯಬಹುದು. ಕಡಿಮೆ ಪ್ರಮಾಣಕ್ಕೆ ಇಳಿಕೆಯೂ ಕಡಿಮೆಯೇ. ನನ್ನ ಅಭಿಪ್ರಾಯ ಕೇಳುವುದಾದರೆ, ಹೊಟ್ಟೆ ಕೆಡಿಸಿಕೊಂಡು ಮೂರು ಪೊಟ್ಟಣ ಕುಡಿದು ತಿಂಗಳೊಳಗೆ ಬಿಟ್ಟುಬಿಡುವುದಕ್ಕಿಂತ, ಎರಡು ಪೊಟ್ಟಣವನ್ನು ವರ್ಷವಿಡೀ ತಪ್ಪದೆ ಕುಡಿಯುವುದು ಲೇಸು. ಇದನ್ನು ವೈದ್ಯರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿಕೊಂಡರೆ ಅವರೂ ಒಪ್ಪುವ ದಾರಿ ಸಿಗುತ್ತದೆ.

ಕಲಸುವ ಬಗೆ

ಒಣ ಪುಡಿಯನ್ನು ಬಾಯಿಗೆ ಹಾಕಿಕೊಂಡು ಮೇಲಿಂದ ನೀರು ಕುಡಿಯುವುದು ಅಪಾಯ. ಒಣ ರಾಳ ಗಂಟಲಿನಲ್ಲಿ ಅಂಟಿ ಕೆಮ್ಮು ಬರಬಹುದು, ಉಸಿರಿಗೆ ಹೋಗಬಹುದು, ಅನ್ನನಾಳದಲ್ಲಿ ಉಬ್ಬಿ ಕೂರಬಹುದು. ಚೂರ್ಣ ಬಾಯಿಗೆ ಹಾಕಿಕೊಂಡು ನೀರು ಕುಡಿದು ರೂಢಿಯಿರುವ ಹಿರಿಯರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ.

ಅರ್ಧ ಲೋಟದಿಂದ ಮುಕ್ಕಾಲು ಲೋಟದಷ್ಟು, ಅಂದರೆ 100ರಿಂದ 180 ಮಿಲಿ ಲೀಟರ್ ತಣ್ಣನೆಯ ನೀರನ್ನು ಅಗಲ ಬಾಯಿಯ ದೊಡ್ಡ ಲೋಟಕ್ಕೆ ಹಾಕಿಕೊಳ್ಳಿ. ಪುಡಿಯನ್ನು ನೀರಿನ ಮೇಲೆ ಹರಡುವಂತೆ ಉದುರಿಸಿ, ಕೂಡಲೇ ಚಮಚ ಹಾಕದೆ ಒಂದೆರಡು ನಿಮಿಷ ಸುಮ್ಮನೆ ಬಿಡಿ. ಪುಡಿ ತಾನಾಗಿ ನೀರು ಹೀರಿ ತೇವವಾಗುತ್ತ ನಿಧಾನವಾಗಿ ಕೆಳಗಿಳಿಯುವುದು ಕಾಣುತ್ತದೆ. ಆಮೇಲೆ ಕದಡಿದರೆ ಗಂಟು ಕಟ್ಟುವುದಿಲ್ಲ. ಮೊದಲೇ ಗಡಿಬಿಡಿಯಲ್ಲಿ ತಿರುವಿದರೆ ಒಳಗೆ ಒಣಗಿಯೇ ಉಳಿದ ಸಣ್ಣ ಉಂಡೆಗಳಾಗಿ, ಎಷ್ಟು ಕದಡಿದರೂ ಒಡೆಯುವುದಿಲ್ಲ. ಸರಿಯಾಗಿ ಕಲಸಿದ ಮೇಲೂ ಪುಡಿ ಕರಗಿರುವುದಿಲ್ಲ, ಅದು ಕರಗುವ ಜಾತಿಯದ್ದೇ ಅಲ್ಲ. ನುಣುಪು ಹೊಯಿಗೆ ಕದಡಿದ ನೀರಿನಂತೆ ಬಿಟ್ಟ ಕೂಡಲೇ ತಳಕ್ಕೆ ಇಳಿಯತೊಡಗುತ್ತದೆ. ಆದ್ದರಿಂದ ಕದಡಿದ ತಕ್ಷಣ ಕುಡಿದು, ತಳದಲ್ಲಿ ಉಳಿದದ್ದಕ್ಕೆ ಮತ್ತಷ್ಟು ನೀರು ಹಾಕಿ ಅಲುಗಿಸಿ ಅದನ್ನೂ ಕುಡಿಯಬೇಕು. ಕುಡಿದಿಟ್ಟ ಲೋಟದ ಗೋಡೆಗೆ ಅಂಟಿಕೊಂಡಿರುವ ತರಿಯೂ ಲೆಕ್ಕದ ಔಷಧವೇ.

ಕದಡುವಾಗ ಗಾಳಿ ಸೇರಿದರೆ ನೊರೆ ಬರುತ್ತದೆ, ನೊರೆ ಕುಡಿದರೆ ಹೊಟ್ಟೆಯುಬ್ಬರ ಹೆಚ್ಚುತ್ತದೆ. ಮಿಕ್ಸರ್‌ಗೆ ಹಾಕಿ ತಿರುಗಿಸುವುದು ಬೇಡ. ಗೋಲಿ ಸೋಡಾದಲ್ಲಿ ಕಲಸಿದರೆ ಉಕ್ಕಿ ಹೊರಗೆ ಚೆಲ್ಲುತ್ತದೆ.

ನೀರಿನಲ್ಲಿ ಕುಡಿಯಲು ಮನಸ್ಸೊಪ್ಪದಿದ್ದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಡುಗೆಮನೆಯಲ್ಲಿ ಬೇರೆ ದಾರಿಗಳು ಬೇಕಾದಷ್ಟಿವೆ. ತೆಳ್ಳಗಿನ ದ್ರವವಾಗಿರಬೇಕು, ಇಲ್ಲವೇ ರಸ ತುಂಬಿದ ಹಣ್ಣಿನ ತಿರುಳಾಗಿರಬೇಕು ಎಂಬುದಷ್ಟೇ ನಿಯಮ. ಘಟ್ಟದ ಮೇಲಿನವರಿಗೆ ನೀರು ಮಜ್ಜಿಗೆ, ಸೋಸಿದ ತಂಬುಳಿ ಒಗ್ಗುತ್ತವೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿಯ ಆರಿದ ತಿಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಅದರ ಲೋಳೆತನದಲ್ಲಿ ತರಿ ನಾಲಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಬನವಾಸಿ ಕಡೆಯ ಅನಾನಸು ಸಿಗುವ ಕಾಲದಲ್ಲಿ ಅದನ್ನು ಜಜ್ಜಿ ರಸದ ಸಮೇತ ಬಟ್ಟಲಿಗೆ ಹಾಕಿ ಪುಡಿ ಬೆರೆಸಿದರೆ ಮಕ್ಕಳೂ ತಿನ್ನುತ್ತಾರೆ. ಮುರುಗಲು ಹಣ್ಣಿನ ಪಾನಕವೂ ಆಗುತ್ತದೆ, ಆದರೆ ಅದಕ್ಕೆ ಹಾಕುವ ಬೆಲ್ಲ ಸಕ್ಕರೆಯ ಲೆಕ್ಕ ಸಕ್ಕರೆ ಕಾಯಿಲೆಯವರಿಗೆ ನೆನಪಿರಬೇಕು. ಬಿಸಿ ಕಷಾಯ, ಚಹಾ, ಕಾಫಿಗಳಿಗೆ ಬೆರೆಸಬೇಡಿ. ಕಲಸಿದ್ದನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು, ಮತ್ತೆ ಕದಡಿ ಕುಡಿದರೆ ರುಚಿ ಸುಧಾರಿಸುತ್ತದೆ ಎನ್ನುವವರು ಬಹಳ ಮಂದಿ.

ಗುಟುಕು ಗುಟುಕಾಗಿ ಅರ್ಧ ಗಂಟೆ ಕುಡಿಯುವುದು, ಬಾಯಲ್ಲಿ ಹಿಡಿದಿಟ್ಟುಕೊಳ್ಳುವುದು ಹಲ್ಲಿಗೆ ಒಳ್ಳೆಯದಲ್ಲ. ಹಲ್ಲಿನ ಬಣ್ಣ ಕೆಡಬಹುದು, ಹೊರಪದರ ಸವೆಯಬಹುದು. ಕುಡಿದು ಮುಗಿಸಿ ಬಾಯಿ ಮುಕ್ಕಳಿಸಿಕೊಂಡರೆ ಆಯಿತು.

ಗಡಿಯಾರದ ವಿಷಯ

ಪುಡಿಯನ್ನು ಊಟದ ಹೊತ್ತಿಗೆ ಕುಡಿಯಬೇಕು. ಪಿತ್ತಕೋಶ ಪಿತ್ತರಸವನ್ನು ಹೊರಗೆ ಬಿಡುವುದು ಊಟ ಹೊಟ್ಟೆಗೆ ಇಳಿದಾಗ. ಪುಡಿ ಆಗ ಕರುಳಿನಲ್ಲಿದ್ದರೆ ಕೆಲಸಕ್ಕೆ ಬರುತ್ತದೆ. ಇಷ್ಟು ಸುಲಭ. ಕಷ್ಟವಿರುವುದು ಬೇರೆ ಮಾತ್ರೆಗಳ ಜೊತೆ ಹೊಂದಿಸುವುದರಲ್ಲಿ, ಏಕೆಂದರೆ ಈ ರಾಳಕ್ಕೆ ಪಿತ್ತಾಮ್ಲ ಯಾವುದು, ಮಾತ್ರೆ ಯಾವುದು ಎಂಬ ಭೇದವಿಲ್ಲ. ಕರುಳಿನಲ್ಲಿ ಸಿಕ್ಕ ಅನೇಕ ಔಷಧಗಳನ್ನು ಅದು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಮತ್ತು ಥಯಾಜೈಡ್ ಜಾತಿಯ ಮೂತ್ರವರ್ಧಕಗಳು, ಮೂರ್ಛೆರೋಗಕ್ಕೆ ಕೊಡುವ ಫಿನೋಬಾರ್ಬಿಟಾಲ್, ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್, ಗರ್ಭನಿರೋಧಕ ಮಾತ್ರೆ, ಕಬ್ಬಿಣದ ಮಾತ್ರೆ, ಕೊಲೆಸ್ಟ್ರಾಲಿಗೇ ಕೊಡುವ ಎಜೆಟಿಮೈಬ್, ಕೊನೆಗೆ ಸ್ಟಾಟಿನ್ ಕೂಡ ಈ ಪಟ್ಟಿಯಲ್ಲಿವೆ. ಎಲ್ಲಕ್ಕೂ ಅನ್ವಯಿಸುವ ನಿಯಮವೆಂದರೆ, ಬೇರೆ ಯಾವುದೇ ಔಷಧವನ್ನು ಪುಡಿಗಿಂತ ಕನಿಷ್ಠ ಒಂದು ಗಂಟೆ ಮೊದಲು ಅಥವಾ ಪುಡಿ ಕುಡಿದು ನಾಲ್ಕರಿಂದ ಆರು ಗಂಟೆಯ ನಂತರ ತೆಗೆದುಕೊಳ್ಳಬೇಕು. ಆದರೆ ಮೊದಲಿನ ಅಂತರ ಎಜೆಟಿಮೈಬ್‌ಗೆ ಎರಡು ಗಂಟೆ, ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಇರಬೇಕು. ಆಯುರ್ವೇದದ ಗುಳಿಗೆ, ಲೇಹ್ಯ, ಅರಿಷ್ಟಗಳನ್ನೂ ಇದೇ ನಿಯಮಕ್ಕೆ ಒಳಪಡಿಸುವುದು ಕ್ಷೇಮ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಹೊನ್ನಾವರದ ಕಡೆಯ, ಅರವತ್ತು ದಾಟಿದ ಒಬ್ಬ ಗೃಹಿಣಿ ಎಂದಿಟ್ಟುಕೊಳ್ಳಿ. ಅವರಿಗೆ ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ, ಎಂಟೂವರೆಗೆ ದೋಸೆ ತಿಂದ ಮೇಲೆ ಬಿಪಿ ಮಾತ್ರೆ, ಹನ್ನೊಂದಕ್ಕೆ ಕಬ್ಬಿಣದ ಮಾತ್ರೆ, ರಾತ್ರಿ ಒಂಬತ್ತೂವರೆಗೆ ಸ್ಟಾಟಿನ್ ಇದೆ. ಹೊಸದಾಗಿ ಒಂದು ಪೊಟ್ಟಣ ಪುಡಿ ಬಂತು. ಅದನ್ನು ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ ಇಟ್ಟರೆ ಉಳಿದ ಯಾವುದನ್ನೂ ಅಲುಗಿಸಬೇಕಿಲ್ಲ. ಥೈರಾಯ್ಡ್ ಮಾತ್ರೆಗೆ ಏಳೂವರೆ ಗಂಟೆ, ಕಬ್ಬಿಣಕ್ಕೆ ಎರಡು ಗಂಟೆ ಮೊದಲಿನ ಅಂತರವಿದೆ, ಸ್ಟಾಟಿನ್‌ಗೆ ಎಂಟೂವರೆ ಗಂಟೆ ನಂತರದ ಅಂತರವಿದೆ. ತಿಂಗಳ ನಂತರ ವೈದ್ಯರು ಎರಡನೆಯ ಪೊಟ್ಟಣ ಸೇರಿಸಿದರು, ಅದನ್ನು ರಾತ್ರಿ ಎಂಟರ ಊಟಕ್ಕೆ ಇಟ್ಟುಕೊಂಡರು ಎನ್ನಿ. ಈಗ ಒಂಬತ್ತೂವರೆಯ ಸ್ಟಾಟಿನ್ ಪುಡಿಯ ಬೆನ್ನಿಗೇ ಬಂದು ಸಿಕ್ಕಿಬೀಳುತ್ತದೆ, ಅರ್ಧಂಬರ್ಧವೂ ರಕ್ತಕ್ಕೆ ಸೇರದೆ ಹೋಗಬಹುದು. ಅಟೋರ್ವಸ್ಟಾಟಿನ್, ರೋಸುವಸ್ಟಾಟಿನ್‌ಗಳು ದಿನದ ಯಾವ ಹೊತ್ತಿಗೆ ತೆಗೆದುಕೊಂಡರೂ ಕೆಲಸ ಮಾಡುವಂಥವು. ವೈದ್ಯರನ್ನು ಕೇಳಿ ಅದನ್ನು ಬೆಳಿಗ್ಗೆ ಎಂಟೂವರೆಯ ಬಿಪಿ ಮಾತ್ರೆಯ ಜೊತೆಗೆ ಸಾಗಿಸಿದರೆ ತೊಡಕು ಬಿಡಿಸಿದಂತಾಯಿತು. ರಾತ್ರಿಯ ಪುಡಿಗೂ ಮರುದಿನದ ಥೈರಾಯ್ಡ್ ಮಾತ್ರೆಗೂ ಒಂಬತ್ತೂವರೆ ಗಂಟೆಯ ಅಂತರ ಉಳಿಯಿತು. ನಿಮ್ಮ ಮನೆಯ ಪಟ್ಟಿಯನ್ನೂ ಹೀಗೆಯೇ ಒಂದು ಹಾಳೆಯ ಮೇಲೆ ಗಂಟೆ ಸಮೇತ ಬರೆದು, ವೈದ್ಯರಿಗೋ ಔಷಧ ಅಂಗಡಿಯವರಿಗೋ ತೋರಿಸಿ ಖಚಿತ ಮಾಡಿಕೊಂಡು, ಔಷಧದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಬಿಡಿ.

ಊಟದ ಹೊತ್ತು ದಿನವೂ ಒಂದೇ ಇರುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಏಳುವಾಗ ಮೂರು ಗಂಟೆಯಾದರೆ ಪುಡಿಯೂ ಮೂರಕ್ಕೇ ಹೋಗಲಿ, ಅದರ ನಂತರದ ಮಾತ್ರೆಗಳನ್ನು ಆ ಗಂಟೆಯಿಂದ ಎಣಿಸಿಕೊಳ್ಳಿ. ತದಡಿ, ಬೈತಖೋಲ ಬಂದರುಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ದೋಣಿ ಹತ್ತುವವರು ಗಡಿಯಾರಕ್ಕೆ ಬದಲು ತಮ್ಮ ದೊಡ್ಡ ಊಟಕ್ಕೆ ಪುಡಿಯನ್ನು ಕಟ್ಟಿಕೊಳ್ಳುವುದು ವಾಸಿ. ಏಕಾದಶಿಗೆ ಫಲಾಹಾರ ಮಾಡುವವರು ಅದರ ಜೊತೆ ಕುಡಿಯಬಹುದು, ನೀರೂ ಮುಟ್ಟದ ಉಪವಾಸದ ದಿನ ಪುಡಿ ಬೇಡ. ಒಂದು ಹೊತ್ತಿನದು ಮರೆತರೆ ಮುಂದಿನ ಊಟಕ್ಕೆ ಎಂದಿನಷ್ಟೇ ಕುಡಿಯಿರಿ, ಎರಡು ಪೊಟ್ಟಣ ಒಟ್ಟಿಗೆ ಸುರಿಯಬೇಡಿ.

ಹೊಟ್ಟೆಯ ದೂರು

ಮಲಬದ್ಧತೆ ಈ ಪುಡಿಯ ಅತಿ ಸಾಮಾನ್ಯ ಅಡ್ಡಪರಿಣಾಮ. ಹೊಟ್ಟೆಯುಬ್ಬರ, ತೇಗು, ವಾಯು ಅದರ ಜೊತೆಗೆ ಬರುತ್ತವೆ. ಪುಡಿ ಬಿಟ್ಟವರನ್ನು ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಇದನ್ನೇ. ಮೊದಲೇ ಮಲಬದ್ಧತೆ ಇದ್ದವರು ಐದರಿಂದ ಏಳು ದಿನ ಒಂದೇ ಪೊಟ್ಟಣದಲ್ಲಿದ್ದು, ಹೊಟ್ಟೆ ಒಗ್ಗಿದ ಮೇಲೆ ಎರಡಕ್ಕೆ ಹೋಗುವುದು ರೂಢಿ. ನೀರು ಕುಡಿಯುವುದನ್ನು ಮೊದಲ ದಿನದಿಂದಲೇ ಹೆಚ್ಚಿಸಬೇಕು, ಮಲ ಗಟ್ಟಿಯಾದ ಮೇಲೆ ಅಲ್ಲ. ಕಾರವಾರದ ಏಪ್ರಿಲ್ ಮೇ ತಿಂಗಳ ಬೆವರಿನಲ್ಲಿ ಉಳಿದ ಕಾಲದಲ್ಲಿ ಕುಡಿಯುವಷ್ಟೇ ನೀರು ಸಾಲದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ತಾವಾಗಿ ಹೆಚ್ಚಿಸದೆ ವೈದ್ಯರನ್ನು ಕೇಳಬೇಕು. ಬಸಳೆ, ಹರಿವೆ, ಬಾಳೆದಿಂಡು, ಮೊಳಕೆ ಹೆಸರು ಇವು ದಿನವೂ ಎಲೆಯ ಮೇಲಿರಲಿ. ಅಷ್ಟಕ್ಕೂ ಸರಿಹೋಗದಿದ್ದರೆ ಇಸಬ್‌ಗೋಲ್ ಬಳಸಬಹುದು, ಅದಕ್ಕೂ ಎಲ್‌ಡಿಎಲ್ ತುಸು ಇಳಿಸುವ ಗುಣವಿದೆ. ಅದನ್ನೂ ತುಂಬ ನೀರಿನೊಂದಿಗೇ ಕುಡಿಯಬೇಕು. ಇದಾವುದಕ್ಕೂ ಬಗ್ಗದ ಮಲಬದ್ಧತೆಗೆ ಪುಡಿಯ ಪ್ರಮಾಣ ಇಳಿಸುವುದೇ ಉಪಾಯ. ಹೃದಯದ ರಕ್ತನಾಳದ ಕಾಯಿಲೆ ಇರುವವರು ಶೌಚಕ್ಕೆ ಮುಕ್ಕಿರಿಯುವ ಸ್ಥಿತಿಗೆ ಹೋಗಲೇಬಾರದು. ಇದೇ ಬಗೆಯ ಕೊಲೆಸೆವೆಲಮ್ ಎಂಬ ಇನ್ನೊಂದು ಔಷಧ ಮಾತ್ರೆಯಾಗಿಯೂ ಬರುತ್ತದೆ, ಅದರಲ್ಲಿ ಹೊಟ್ಟೆಯ ದೂರು ಕಡಿಮೆ. ಆದರೆ ದಿನಕ್ಕೆ ಆರು ದೊಡ್ಡ ಮಾತ್ರೆ ನುಂಗಬೇಕಾಗುತ್ತದೆ.

ಜಿಡ್ಡಿನಲ್ಲಿ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಸೇರಲು ಪಿತ್ತಾಮ್ಲ ಬೇಕು. ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಪುಡಿ ಕುಡಿಯುವವರಲ್ಲಿ ಇವು ಕಡಿಮೆಯಾಗಬಹುದು, ಫೋಲಿಕ್ ಆಮ್ಲವೂ ತಗ್ಗಬಹುದು. ವಿಟಮಿನ್ ಕೆ ಕಡಿಮೆಯಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುವುದು, ಮೂಗಿನಲ್ಲಿ ರಕ್ತ ಬರುವುದು, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಕಾಣುವುದು ಇದರ ಸೂಚನೆಗಳು. ಎಲೆಯಡಿಕೆಯ ಕವಳ ಹಾಕುವವರಿಗೆ ಈ ಕೊನೆಯದು ಗೊತ್ತಾಗುವುದೇ ಕಷ್ಟ, ಉಗುಳು ಹೇಗೂ ಕೆಂಪಾಗಿರುತ್ತದೆ. ಅವರು ಬೆಳಿಗ್ಗೆ ಎದ್ದ ಕೂಡಲೇ, ಕವಳಕ್ಕೆ ಮೊದಲು ಬಾಯಿ ಮುಕ್ಕಳಿಸಿದ ನೀರಿನ ಬಣ್ಣ ನೋಡಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆಂಬುದು ನಿಜ, ಆದರೆ ಯಾವುದರಿಂದ ಕಪ್ಪಾಯಿತೆಂದು ನಿರ್ಧರಿಸುವ ಕೆಲಸ ನಮ್ಮದಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹೊಡೆಯುವ ತೀವ್ರ ನೋವು, ನಿಲ್ಲದ ವಾಂತಿ, ವಾಯುವೂ ಹೋಗದಂತೆ ಹೊಟ್ಟೆ ಕಟ್ಟಿಕೊಳ್ಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದ ದಾಸ್ತಾನು

ಈ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೂ ನೀರೊಡೆಯುವ ನಮ್ಮ ಜಿಲ್ಲೆಯಲ್ಲಿ ತೆರೆದ ಡಬ್ಬಿಯ ಪುಡಿ ಗಟ್ಟಿ ಕಟ್ಟಲು ತಡವಾಗುವುದಿಲ್ಲ. ಮಳೆಗಾಲಕ್ಕೆ ಡಬ್ಬಿಗಿಂತ ಒಂದೊಂದು ಸಲದ ಪೊಟ್ಟಣವೇ ಅನುಕೂಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಒಲೆಯ ಮತ್ತು ಬಚ್ಚಲಿನ ಹಬೆಯಿಂದ ದೂರ ಇಡಿ. ಸಣ್ಣ ಊರಿನ ಅಂಗಡಿಯಲ್ಲಿ ಸ್ಟಾಟಿನ್ ಸಿಕ್ಕಷ್ಟು ಸುಲಭವಾಗಿ ಇದು ಸಿಗುವುದಿಲ್ಲ, ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ತರಿಸಬೇಕಾಗಬಹುದು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಆದ್ದರಿಂದ ಜೂನ್ ಹಿಡಿಯುವ ಮೊದಲೇ ಒಂದು ತಿಂಗಳಿಗಾಗುವಷ್ಟನ್ನು ಹೆಚ್ಚುವರಿಯಾಗಿ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಪರೀಕ್ಷೆ, ಮತ್ತು ನಿಲ್ಲಿಸುವಾಗ

ಎಲ್‌ಡಿಎಲ್ ಇಳಿಕೆ ಮೊದಲ ತಿಂಗಳೊಳಗೆ ಕಾಣಬೇಕು. ನಾಲ್ಕು ವಾರಕ್ಕೆ ಮಾಡಿಸುವ ಪರೀಕ್ಷೆಯಲ್ಲಿ ಏನೂ ಇಳಿಯದಿದ್ದರೆ, ಪ್ರಮಾಣ ಏರಿಸುವ ಮುನ್ನ ಕೇಳಿಕೊಳ್ಳಬೇಕಾದದ್ದು ಪುಡಿ ಊಟದ ಜೊತೆ ಹೋಗಿದೆಯೇ, ಸ್ಟಾಟಿನ್‌ಗೂ ಅದಕ್ಕೂ ಸಾಕಷ್ಟು ಅಂತರವಿತ್ತೇ, ಎಷ್ಟು ಹೊತ್ತಿನದು ತಪ್ಪಿದೆ ಎಂದು. ತಪ್ಪಿದ್ದನ್ನು ವೈದ್ಯರಿಂದ ಮುಚ್ಚಿಟ್ಟರೆ ಅವರು ಬೇಡದ ಪ್ರಮಾಣಕ್ಕೆ ಏರಿಸುತ್ತಾರೆ. ಟ್ರೈಗ್ಲಿಸರೈಡ್ ಏರಿದೆಯೇ ಎಂಬುದನ್ನೂ ಅದೇ ವರದಿಯಲ್ಲಿ ನೋಡಬೇಕು. ಊಟದ ಪಥ್ಯ ಪುಡಿ ಬಂದ ಮೇಲೂ ಹಾಗೆಯೇ ಮುಂದುವರಿಯುತ್ತದೆ. ಬಂಗುಡೆ ತಿನ್ನಬಾರದೆಂದಿಲ್ಲ, ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಹುಳಿ ಹಾಕಿ ಬೇಯಿಸಿಕೊಳ್ಳಿ.

ವಾರ್ಫರಿನ್ ತೆಗೆದುಕೊಳ್ಳುವವರಿಗೆ ಪುಡಿ ಎರಡೂ ದಿಕ್ಕಿನಿಂದ ತೊಡಕು ತರುತ್ತದೆ. ಮಾತ್ರೆಯನ್ನೇ ಹಿಡಿದುಕೊಂಡರೆ ರಕ್ತ ಬೇಕಾದಷ್ಟು ತೆಳುವಾಗುವುದಿಲ್ಲ, ವಿಟಮಿನ್ ಕೆ ಕಡಿಮೆ ಮಾಡಿದರೆ ಮಿತಿಮೀರಿ ತೆಳುವಾಗುತ್ತದೆ. ಪುಡಿ ಶುರು ಮಾಡುವಾಗ, ಪ್ರಮಾಣ ಬದಲಿಸುವಾಗ ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್ಆರ್ ಪರೀಕ್ಷೆಯನ್ನು ಎಂದಿಗಿಂತ ಬೇಗ ಬೇಗ ಮಾಡಿಸಬೇಕು.

ಪುಡಿಯನ್ನು ನಿಲ್ಲಿಸುವುದೂ ಹೇಳದೆ ಕೇಳದೆ ಮಾಡುವ ಕೆಲಸವಲ್ಲ. ಪುಡಿಯಿದ್ದಾಗ ರಕ್ತಕ್ಕೆ ಕಡಿಮೆ ಸೇರುತ್ತಿದ್ದ ಡಿಗಾಕ್ಸಿನ್, ಪುಡಿ ನಿಂತ ಮೇಲೆ ಪೂರ್ತಿ ಸೇರತೊಡಗಿ ವಿಷಮಟ್ಟಕ್ಕೆ ಏರಬಹುದು. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಪುಡಿಯ ಕಾಲದಲ್ಲಿ ಏರಿಸಿದ್ದರೆ ಅದೂ ಹೆಚ್ಚಾಗಬಹುದು. ಆದ್ದರಿಂದ ಹೊಟ್ಟೆಗೆ ಆಗದೆಯೋ, ಊರಲ್ಲಿ ಸಿಗದೆಯೋ ಪುಡಿ ನಿಂತರೆ, ಅದನ್ನು ಬರೆದುಕೊಟ್ಟ ವೈದ್ಯರಿಗೂ, ಉಳಿದ ಮಾತ್ರೆಗಳನ್ನು ಕೊಡುತ್ತಿರುವ ವೈದ್ಯರಿಗೂ ಅದೇ ವಾರದಲ್ಲಿ ತಿಳಿಸಿ, ಯಾವ ಯಾವ ಮಾತ್ರೆಯ ಪ್ರಮಾಣವನ್ನು ಮರುಪರೀಕ್ಷಿಸಬೇಕೆಂದು ಕೇಳಿ ಬರೆಸಿಕೊಳ್ಳಿ.